ಈರುಳ್ಳಿ ಹೆಚ್ಚಿದ ಕೈಯ ಭಕ್ತಿ

ಜೂನ್ ೯, ಭಾನುವಾರ

ಇಷ್ಟು ದಿನ ಬಚ್ಚಿಟ್ಟಿದ್ದನ್ನು ಇವತ್ತು ಹೇಳಿಬಿಟ್ಟೆ. ಆರಾಧನೆಯಲ್ಲಿ ನಾನು ಸುರಿಸುವ ಕಣ್ಣೀರು ಭಕ್ತಿಯದಲ್ಲ, ಈರುಳ್ಳಿಯದು. ಭಾನುವಾರ ಬೆಳಿಗ್ಗೆ ಹೋಟೆಲಿನಲ್ಲಿ ಒಂದು ಮೂಟೆ ಈರುಳ್ಳಿ ಹೆಚ್ಚಿ ನೇರ ಚರ್ಚಿಗೆ ಓಡುತ್ತೇನೆ. ಪ್ರಾರ್ಥನೆಗೆಂದು ಅಂಗೈಗಳಲ್ಲಿ ಮುಖ ಮುಚ್ಚಿಕೊಂಡರೆ ಸಾಕು, ಕಣ್ಣೀರು ಕೋಡಿ ಹರಿಯುತ್ತದೆ. ಒಳಗೆ ಮಾತ್ರ ಇದು ಯಾವಾಗ ಮುಗಿದೀತು ಎಂಬ ಒಂದೇ ಧ್ಯಾನ.

ಆ ಕಣ್ಣೀರು ನಂಬಿಯೇ ಪಾಸ್ಟರ್ ನನ್ನನ್ನು ಬೈಬಲ್ ಶಾಲೆಗೆ ಆರಿಸಿದ್ದಾರೆ. ಓದು ಬಿಟ್ಟವನು ಕೊನೆಗೂ ಉದ್ಧಾರವಾದ ಎಂದು ನನ್ನನ್ನು ಸಾಕಿದ ಸೋದರತ್ತೆ ಊರೆಲ್ಲ ಸಾರಿದ್ದಾಳೆ. ಇವತ್ತು ಬೀಳ್ಕೊಡುವ ಪ್ರಾರ್ಥನೆಗೆ ಮುಂದೆ ಕರೆದಾಗ ನನಗೆ ತಡೆಯಲಾಗಲಿಲ್ಲ.

“ಪಾಸ್ಟರೇ, ನನ್ನಲ್ಲಿ ಭಕ್ತಿಗಿಕ್ತಿ ಏನೂ ಇಲ್ಲ. ಇದೆಲ್ಲ ಈರುಳ್ಳಿ. ಬೇಕಾದ್ರೆ ಕೈ ಮೂಸಿ ನೋಡಿ.”

ಅವರು ಮೂಸಿದರು. ಅವರ ಕಣ್ಣಲ್ಲೂ ನೀರು ಬಂತು.

“ನೋಡಿದ್ರಾ ಎಂಥ ದೀನತೆ! ಇದ್ದ ಭಕ್ತೀನೂ ಮುಚ್ಚಿಡ್ತಾನೆ!” ಎಂದರು. ಸಭೆಯೆಲ್ಲ “ಸ್ತೋತ್ರ” ಎಂದಿತು.

“ಅತ್ತೆ, ದೇವರಾಣೆ ನಿಜ ಹೇಳ್ತಿದೀನಿ!”

“ಬಾಯ್ಮುಚ್ಕೊಂಡು ಮಂಡಿ ಊರೋ ಕತ್ತೆ,” ಎಂದು ಅತ್ತೆ ಮೊದಲ ಸಾಲಿನಿಂದ ಗದರಿದಳು.

ಮಂಡಿ ಊರಿದೆ. ಈ ಸಲ ಮುಖ ಮುಚ್ಚಿಕೊಳ್ಳಲಿಲ್ಲ. ದೇವರೇ, ಇವರ್ಯಾರೂ ನಂಬುತ್ತಿಲ್ಲ, ನಿನಗಾದರೂ ಗೊತ್ತಲ್ಲ, ನನ್ನೊಳಗೆ ಏನೂ ಇಲ್ಲ, ಹೀಗೇ ನಿನ್ನ ಹತ್ತಿರ ಬರಲೇ ಎಂದು ಕೇಳಿದೆ. ಹಾಗೆ ನಾನು ಅವನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಕಣ್ಣು ಒಣಗಿತ್ತು. ಸುತ್ತ ಜನ ಎದ್ದು ಹೋಗುತ್ತಿದ್ದದ್ದೂ ತಿಳಿಯಲಿಲ್ಲ.

ಅತ್ತೆ ಬಂದು ತಲೆಗೊಂದು ಮೊಟಕಿದಳು. “ನಿದ್ದೆ ಹೊಡೀತಿದ್ಯೇನೋ? ಇವತ್ತಾದ್ರೂ ಒಂಚೂರು ಅಳಬಾರದಾ?”



ಬಸ್ಸು ನಾಳೆ ಬೆಳಿಗ್ಗೆ ಆರಕ್ಕೆ. ಹೋಗುತ್ತೇನೆ.