ಎರಡೇ ರೆಕ್ಕೆ

ಲೋ ಬದರಿ,

ನೀನೇ ಗೆದ್ದೆ ಕಣಯ್ಯಾ! ಕೇಳಿಸಿತೇ, ಇನ್ನೂ ಗಟ್ಟಿಯಾಗಿ ಕೂಗಲೇ?

ಇವತ್ತು ಬೆಳಿಗ್ಗೆ ಕೃಷ್ಣರಾವ್ ಪಾರ್ಕಿನಲ್ಲಿ ನಿನ್ನ ಮಗಳು ತನ್ಮಯಿ ನೀನು ತೆಗೆದ ಆ ಹಳೆಯ ಫೋಟೊವನ್ನು ದೊಡ್ಡದು ಮಾಡಿ ನನ್ನ ಮೂಗಿಗೆ ಹಿಡಿದಳು. "ಎಣ್ಸಿ ಮಾಮ. ಕಣಜಕ್ಕೆ ನಾಲ್ಕು ರೆಕ್ಕೆ ಇರುತ್ತೆ. ಇದಕ್ಕೆಷ್ಟಿದೆ?"

ಎರಡು! ಹಳದಿ ಪಟ್ಟೆ ಬಳಿದುಕೊಂಡು ಕಣಜದ ವೇಷ ಹಾಕಿದ ಬಡ ನೊಣ. ನಲವತ್ತು ವರ್ಷ ರಂಗದ ಮೇಲೆ ಬಣ್ಣ ಹಚ್ಚಿದ ನನಗೇ ಟೋಪಿ ಹಾಕಿತ್ತು.

"ನೊಣ ಕಣೋ ಇದು" ಎಂದು ನೀನು ಅಂದೇ ಹೇಳಿದ್ದೆ. "ಮೊದ್ಲು ಕನ್ನಡಕ ಬದಲಾಯಿಸ್ಕೊ ಹೋಗೋ, ಗುಮಾಸ್ತ" ಎಂದು ನಾನು ಹತ್ತು ಜನರೆದುರು ಗರ್ಜಿಸಿದೆ. ನೀನೂ ತಿರುಗಿ ಬೈಯಬಾರದಿತ್ತೇ? ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಸುಮ್ಮನೆ ಹೊರಟೆಯಲ್ಲ, ಹೇಡಿ! ಆಮೇಲೆ ಮೂರು ವರ್ಷ ಮಾತಿಲ್ಲ. ನಿನ್ನ ವೈಕುಂಠ ಸಮಾರಾಧನೆಗೂ ನಾನು ಬರಲಿಲ್ಲ.

ನೀನು ಆ ಫೋಟೊ ಹಾಕಿದ್ದ, ಕೀಟ ಗುರುತಿಸುವ ಜಾಲತಾಣದಲ್ಲಿ ಇನ್ನೊಬ್ಬರು ಒಪ್ಪದೆ ಹೆಸರು ಖಾಯಂ ಆಗುವುದಿಲ್ಲ. ನಿನ್ನ 'ನೊಣ'ಕ್ಕೆ ನನ್ನ 'ಕಣಜ' ಇನ್ನೂ ಅಡ್ಡ ನಿಂತಿತ್ತು. ಅಲ್ಲೇ ನನ್ನ ಫೋನಿನಲ್ಲಿ ಅದನ್ನು ಅಳಿಸಿ, 'ಒಪ್ಪಿದ್ದೇನೆ' ಎಂದು ಒತ್ತಿದೆ.

ತನ್ಮಯಿಯ ಕೈಚೀಲದೊಳಗೆ ನಿನ್ನ ಫೋನು ಟಿಣ್ ಎಂದಿತು. ಅವಳು ತೆಗೆಯಲಿಲ್ಲ. ನಾನೂ ತೆಗೆ ಎನ್ನಲಿಲ್ಲ.

ಎದ್ದು ಬಂದು ನೀನೇ ನೋಡೋ, ದ್ರೋಹಿ!