ಅಕ್ಕನಿಗೆ ತಲುಪದ ಚೀಟಿ

ಪ್ರೆಸ್ಸಿನ ಹಿಂದಿನ ಕೋಣೆ
ಒಂಬತ್ತನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಬಸಿರಿನ ಎಂಟನೇ ತಿಂಗಳಲ್ಲೂ ಹೊಲಿಗೆ ಕಾರ್ಖಾನೆಯಲ್ಲಿ ನಿಂತೇ ಕೆಲಸ ಮಾಡುತ್ತೀಯೆಂದು ಭಾವ ಹೇಳಿದರು. ಅದರ ಬಗ್ಗೆ ನನ್ನಲ್ಲಿ ಒಂದು ಕರಪತ್ರಕ್ಕಾಗುವಷ್ಟು ಸಿಟ್ಟಿದೆ. ಆದರೆ ಇವತ್ತು ಯಾರ ಮೇಲೂ ಸಿಟ್ಟಾಗುವ ಯೋಗ್ಯತೆ ನನಗಿಲ್ಲ. ನಿನ್ನೆಯಿಂದ ಮೂರು ಸಲ ಫೋನ್ ಮಾಡಿ, ಮೂರು ಸಲವೂ "ಊಟ ಆಯ್ತಾ" ಎಂದಷ್ಟೇ ಕೇಳಿ ಇಟ್ಟುಬಿಟ್ಟೆ.

ಓದಿಗೆಂದು ನನ್ನ ಬಳಿ ಬಿಟ್ಟಿರುವ ನಿನ್ನ ಗುಬ್ಬಿ ನೋಡಲು ಚೆನ್ನಾಗಿದ್ದಾಳೆ. ಆದರೆ ಶಾಲೆಯಿಂದ ಬಂದವಳೇ ಚೀಲವನ್ನೂ ಇಳಿಸದೆ ಮಲಗಿಬಿಡುತ್ತಾಳೆ. ಅವಳ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆಯೆಂದು ಆರು ತಿಂಗಳ ಹಿಂದೆ ನಿನಗೆ ಹೇಳಿದ್ದೆ, ಅರ್ಧವನ್ನಷ್ಟೇ ಹೇಳಿದ್ದೆ. ಅಂದು ವೈದ್ಯೆ ಒಂದು ಚೀಟಿ ಬರೆದು, "ತಾಯಿಗೂ ಬೇಗ ಒಂದು ರಕ್ತಪರೀಕ್ಷೆ ಮಾಡಿಸಿಬಿಡಪ್ಪ" ಅಂದರು. ನನಗೆ ಮೈಯೆಲ್ಲ ಉರಿಯಿತು. ಮಗುವಿಗೆ ಏನೇ ಆದರೂ ತಾಯಿಯ ಮೇಲೆ ಗೂಬೆ ಕೂರಿಸುವ ಲೋಕದ ಚಾಳಿಯ ಬಗ್ಗೆ ಆಗ ತಾನೇ ಹದಿನಾರು ಪುಟದ ಪುಸ್ತಿಕೆಯೊಂದನ್ನು ಓದಿ ಮುಗಿಸಿದ್ದೆ. "ಮೊದಲು ಹೆಂಗಸಿನ ಮೇಲೇ ಯಾಕ್ರೀ ಬೆರಳು?" ಎಂದು ಕೂಗಾಡಿದೆ. "ಬೆರಳು ತೋರಿಸ್ತಿಲ್ಲಪ್ಪ, ಒಂದು ಚೂರು ರಕ್ತ ಕೇಳ್ತಿದ್ದೀನಿ" ಅಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ, ಗುಬ್ಬಿಯ ಎದುರೇ, ಚೀಟಿ ಹರಿದು ಹಾಕಿದೆ. ನಿನ್ನ ಮಾನ ಕಾಪಾಡಿದೆನೆಂದು ಪ್ರೆಸ್ಸಿನಲ್ಲೂ ಕೊಚ್ಚಿಕೊಂಡೆ. ಕಾಗದ ಕತ್ತರಿಸುವ ಹಿರಿಯರು ತಲೆ ಎತ್ತದೆ, "ಭಾಷಣ ಮಾಡಿ ಬಂದೆ ಸರಿ, ಮಗೂಗೆ ಏನು ಮಾಡಿ ಬಂದೆ?" ಅಂದರು. ಹಳೇ ಕಾಲದವರು, ಇವರಿಗೇನು ತಿಳಿಯುತ್ತದೆ ಅಂದುಕೊಂಡೆ.

ನಿನ್ನೆ ಮತ್ತೆ ಪರೀಕ್ಷೆಗೆ ಹೋಗಿದ್ದೆವು. ಗುಬ್ಬಿಯ ಲಿವರ್ ಸ್ವಲ್ಪ ಊದಿದೆಯಂತೆ. ಮಕ್ಕಳಲ್ಲಿ ಈ ವೈರಸ್ ನೋವು, ಜ್ವರ ಏನೂ ತೋರಿಸದೆ ವರ್ಷಗಟ್ಟಲೆ ಕೂತು, ಒಳಗೊಳಗೇ ಲಿವರನ್ನು ಕೆಡಿಸಬಹುದಂತೆ. ಮಾತ್ರೆ ಶುರುಮಾಡಬೇಕೋ ಬೇಡವೋ ಎಂದು ಮೂರು ತಿಂಗಳ ನಂತರ ನೋಡುತ್ತಾರೆ. "ಅಮ್ಮನ ವರದಿ ಎಲ್ಲಿ?" ಎಂದು ವೈದ್ಯೆ ಕೇಳಿದರು. "ಚೀಟಿ ಮಾಮ ಹರಿದು ಹಾಕಿದ್ರು," ಅಂದಳು ಗುಬ್ಬಿ, "ಅಮ್ಮಂಗೆ ಬರಕ್ಕಾಗಲ್ಲ, ನಂಗೆ ತಮ್ಮ ಹುಟ್ತಾನೆ." ವೈದ್ಯೆ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ವಾದ ಮಾಡಿಬಿಡುತ್ತಿದ್ದೆ. ಇದು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ ತಾಯಿಗೇ ಗೊತ್ತಿಲ್ಲದೆ ಮಗುವಿಗೆ ದಾಟುತ್ತದೆ, ಅದರಲ್ಲಿ ಯಾರ ತಪ್ಪೂ ಇಲ್ಲ ಎಂದು ಬಿಡಿಸಿ ಹೇಳಿದರು. ಅದನ್ನು ತಪ್ಪೆಂದುಕೊಂಡವನು ನಾನೊಬ್ಬನೇ ಅಕ್ಕಾ. ನಿನ್ನ ಪರವಾಗಿ ಹೋರಾಡಲು ಹೊರಟವನು ನಿನ್ನನ್ನೇ ಒಂದು ಮಾತು ಕೇಳಲಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಗುಬ್ಬಿ ನಿನಗೆ ಎರಡು ಮುತ್ತು ಕಳಿಸಿದ್ದಾಳೆ, ನನ್ನ ಹತ್ತಿರ ಕಳಿಸಲು ಬೇರೇನೂ ಇಲ್ಲ.

ಮುಖ ತೋರಿಸಲಾರದ
ನಿನ್ನ ತಮ್ಮ

ತಾ.ಕ.: ಹೊಸ ಚೀಟಿ ಜೊತೆಗಿದೆ. ಓದಿದ ದಿನವೇ ಹೋಗಿ ರಕ್ತ ಕೊಡು. ವೈರಸ್ ಇದ್ದರೆ ಹೆರಿಗೆಗೆ ಮೊದಲೇ ನಿನಗೂ ಮಾತ್ರೆ ಬೇಕಾಗಬಹುದು. ಮಗು ಹುಟ್ಟಿದ ಹನ್ನೆರಡು ಗಂಟೆಯೊಳಗೆ ಎರಡು ಚುಚ್ಚುಮದ್ದು ಕೊಟ್ಟರೆ ಬಹುಮಟ್ಟಿಗೆ ಪಾರಾಗುತ್ತದಂತೆ, ಹೆರಿಗೆ ಮಾಡಿಸುವವರಿಗೆ ಈಗಲೇ ಹೇಳಿಡು. ಗುಬ್ಬಿ ಹುಟ್ಟಿದಾಗ ಇದನ್ನು ಹೇಳುವವರು ಯಾರೂ ಇರಲಿಲ್ಲ. ಈ ಮಗುವಿಗೆ ಇದ್ದರು. ಆರು ತಿಂಗಳು ಅವರ ಬಾಯಿ ಮುಚ್ಚಿಸಿದವನು ನಾನು.