ಮದುವೆ ಕಾಗದದ ಮೇಲೆ ‘ಸರ್ರ’

ಮಣ್ಣಗುಡ್ಡ, ಮಂಗಳೂರು
೧೧ ಜನವರಿ ೨೦೨೫

ಪ್ರೀತಿಯ ಮೋಹನಾ,

ಹೇಗಿದ್ದೀ? ಬಹರೈನಿನ ಚಳಿಗೆ ಮೊಣಕಾಲು ಮತ್ತೆ ಹಿಡಿದಿದೆಯೇ? ನಾನು ಕಳಿಸಿದ ಎಣ್ಣೆಯನ್ನು ಹಚ್ಚಿಕೊಳ್ಳದೆ ಕಪಾಟಿನಲ್ಲಿ ಇಟ್ಟಿರುತ್ತೀ, ನನಗೆ ಗೊತ್ತು. ಇಲ್ಲಿ ಎಲ್ಲರೂ ಸೌಖ್ಯ. ನನಗೆ ಮಾತ್ರ ಎರಡು ದಿನದಿಂದ ಅನ್ನ ಇಳಿಯುತ್ತಿಲ್ಲ, ಅಷ್ಟು ಹೇಸಿಗೆಯಾಗಿದೆ.

ಚಿಕ್ಕಂದಿನಲ್ಲಿ ನಾವಿಬ್ಬರೂ ಅಟ್ಟದ ಮೇಲೆ ಕೂತು ಕಟ್ಟಿದ ಕಳ್ಳಭಾಷೆಯ ಪುಸ್ತಕ ನನ್ನ ಮಗ ತುಷಾರನ ಕೈಗೆ ಸಿಕ್ಕಿತು. “ಅಮ್ಮಾ, ಇಂಥದ್ದು ಬೇರೆ ಯಾರ ಮನೆಯಲ್ಲಿ ಉಂಟು?” ಎಂದು ಕುಣಿದ. ನನ್ನನ್ನು ಒಂದು ಮಾತು ಕೇಳದೆ, ತನ್ನ ತಂಗಿ ಅಕ್ಷಿತಾಳ ಮದುವೆ ಕಾಗದದಲ್ಲಿ ಸಂಬಂಧಗಳನ್ನೆಲ್ಲ ನಮ್ಮ ಪದಗಳಲ್ಲೇ ಅಚ್ಚು ಹಾಕಿಸಿದ್ದಾನೆ. ಹೂಬಳ್ಳಿಯ ನಡುವೆ ‘ಸರ್ರ ಮೋಹನದಾಸ’. ಕೆಳಗೆ ಪದದ ಹುಟ್ಟು ಬೇರೆ! ಸರ್ರ ಎಂದರೆ ಸೋದರಮಾವ, ಅಲೆ ಮರಳಿನ ಮೇಲಿಂದ ಹಿಂದೆ ಸರಿಯುವ ಸದ್ದಿನಿಂದ ಬಂದದ್ದು ಎಂದು ತಾನೇ ಹೊಸೆದು ಬರೆದಿದ್ದಾನೆ. ಮೊದಲು ನೋಡಿದ ನೆಂಟರೆಲ್ಲ “ಎಷ್ಟು ಚಂದ ಉಂಟು ಮಾರಾಯ್ರೆ” ಎಂದರು. ನಿನಗೂ ವಾಟ್ಸಾಪಿನಲ್ಲಿ ಕಳಿಸಿದ್ದಾನಂತೆ. ನೀನು ನೋಡಿಯೂ ಆಯಿತಂತೆ.

ಅಲೆಯಂತೆ, ಮಣ್ಣಂತೆ! ಅದು ನಮ್ಮ ಮಾವ ಸೊಂಟದಿಂದ ಬೆಲ್ಟು ಎಳೆಯುತ್ತಿದ್ದ ಸದ್ದೆಂದು ನಿನಗೂ ನನಗೂ ಮಾತ್ರ ಗೊತ್ತು. ಮನೆಯ ಯಜಮಾನಿಕೆ ಸೋದರಮಾವನದ್ದೆಂದು ಅಮ್ಮನೂ ಬಾಯಿ ಬಿಡಲಿಲ್ಲ. ಈಗ ಆ ಮಾವನ ಫೋಟೋಗೆ ಗಂಧದ ಹಾರ, ಥೂ! ದಿನಾ ಅದರ ಗಾಜು ಒರೆಸುವವಳು ನಾನೇ. ನನ್ನ ಕೈ ಕಂಡರೂ ನನಗೆ ಅಸಹ್ಯವಾಗುತ್ತದೆ. ಧಾರೆಗೆ ಸೋದರಮಾವ ಬೇಕೆಂದು ಕರೆದಾಗ “ಆ ಜಾಗದಲ್ಲಿ ನಾನು ನಿಲ್ಲುವುದಿಲ್ಲ ಅಕ್ಕಾ” ಎಂದು ನೀನು ಫೋನ್ ಇಟ್ಟೆ. ತಪ್ಪೆನ್ನಲಾರೆ. ಆದರೆ ಆ ಜಾಗದಲ್ಲಿ ಒಮ್ಮೆಯಾದರೂ ಒಳ್ಳೆಯವನೊಬ್ಬ ನಿಲ್ಲುವುದನ್ನು ನಾನು ನೋಡಬೇಕು.

ಕಾಗದದ ಕಟ್ಟುಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದೆ. ತುಷಾರ್ ಮುಖ ಊದಿಸಿಕೊಂಡಿದ್ದಾನೆ. ಯಾಕೆಂದು ಅವನಿಗೆ ಇನ್ನೂ ಹೇಳಿಲ್ಲ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಎಣ್ಣೆ ಹಚ್ಚಿಕೋ.

ನಿನ್ನ ದಾರಿ ನೋಡುತ್ತಿರುವ ಅಕ್ಕ,
ಶಶಿಪ್ರಭಾ

ಮರೆತಿದ್ದೆ: ಆ ಪುಸ್ತಕದಲ್ಲಿ ಅಕ್ಕನಿಗೆ ನೀನು ಬರೆದ ಪದ ‘ಖಟ್ಟಿ’. ಎಲ್ಲಿಂದ ಬಂತೆಂದು ನೀನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನನಗೆ ಗೊತ್ತಿತ್ತು. ಬೆಲ್ಟಿನ ಸದ್ದಾದೊಡನೆ ನಾನು ಕೋಣೆಗೆ ಓಡಿ ಖಟ್ಟೆಂದು ಚಿಲಕ ಹಾಕುತ್ತಿದ್ದೆ. ನೀನು ಹೊರಗೇ ಉಳಿಯುತ್ತಿದ್ದೆ, ಬಾಗಿಲು ತಟ್ಟುತ್ತಿದ್ದೆ. ಮದುವೆಗೆ ಬಾ ಮೋಹನಾ. ಬಂದು ಎಲ್ಲರೆದುರು ನನ್ನನ್ನು ಹಾಗೆಯೇ ಕರೆ. ಅದರ ಹುಟ್ಟನ್ನು ಮಕ್ಕಳಿಗೆ ನಾನೇ ಹೇಳುತ್ತೇನೆ.